ಮಾವ ಕಂಡ ಕ್ಲೈಮ್ಯಾಕ್ಸ್

"ಹಂಗಾರೆ ನಾನ್ ಕಂಡದ್ ಎಂತದಾ?"

ಈ ವಾರ ಪೂರ್ತಿ ಇದೇ ಮಾತು ತಲೆಯಲ್ಲಿ ಸುತ್ತುತ್ತಿದೆ. ಮಾವ ಕೇಳಿದ್ದು ನನ್ನನ್ನಲ್ಲ, ಅವರ ಮಗನನ್ನು. ಮೂವರೂ 'ಶೋಲೆ' ನೋಡಿ ಆಗಷ್ಟೇ ಹೊರಗೆ ಬಂದಿದ್ದೆವು. 2025ರ ಡಿಸೆಂಬರಿನಲ್ಲಿ ಮತ್ತೆ ಬಿಡುಗಡೆಯಾದ ಪ್ರತಿ, 1975ರಲ್ಲಿ ಸೆನ್ಸಾರ್ ಒಪ್ಪದೇ ಇದ್ದ ಕೊನೆಯ ಜೊತೆಗೆ. ಇದರಲ್ಲಿ ಪೊಲೀಸರು ಬಂದು ತಡೆಯುವುದಿಲ್ಲ. ಠಾಕೂರ್ ಮೊಳೆಯ ಬೂಟು ಹಾಕಿದ ಕಾಲಲ್ಲೇ ಗಬ್ಬರನ ಕಥೆ ಮುಗಿಸುತ್ತಾನೆ. ಆಮೇಲೆ ಕುಸಿದು ಅಳುತ್ತಾನೆ.

"ಇದ್ರಗೆ ಹೊಸತ್ ಎಂತ ಇತ್? ನಾನ್ ಮಿನರ್ವಾದಗೇ ಕಂಡಿದೆ" ಅಂದರು ಮಾವ.

ಮಗ ಮೊಬೈಲ್ ತೆಗೆದ. "ಅಪ್ಪಾ, ಸಾಧ್ಯವೇ ಇಲ್ಲ. ಆ ಕೊನೆಯನ್ನು ಆಗ ಇಲ್ಲಿ ತೋರಿಸಲೇ ಇಲ್ಲ. ಎಮರ್ಜೆನ್ಸಿ ಟೈಮು. ಪೊಲೀಸ್ ಆಗಿದ್ದವನೇ ಕಾನೂನು ಕೈಗೆ ತಗೊಂಡ್ರೆ ಹೇಗೆ ಅಂತ ಬದಲಾಯಿಸಿದ್ರು."

ಆಗ ಮಾವ ಕೇಳಿದ್ದು ಆ ಮಾತು. ಜಗಳದ ದನಿಯಲ್ಲಿ ಅಲ್ಲ. ನಿಜವಾಗಿ ತಿಳಿದುಕೊಳ್ಳಬೇಕು ಅನ್ನುವ ಹಾಗೆ.

ಮಗ ಒಳ್ಳೆಯವನೇ. ಅಪ್ಪನ ಮಾತ್ರೆ, ಡಾಕ್ಟರು ಎಲ್ಲ ತಪ್ಪದೆ ನೋಡಿಕೊಳ್ಳುತ್ತಾನೆ. ಆದರೆ ಹಿರಿಯರು ಬಾಯಿ ತೆರೆದ ಕೂಡಲೇ ಮೊಬೈಲಿನಲ್ಲಿ ತಾಳೆ ನೋಡುವ ಅವನ ಅಭ್ಯಾಸ ನನಗೆ ಹಿಡಿಸುವುದಿಲ್ಲ. ಇಸವಿ, ಕಾರಣ ಎಲ್ಲ ಅವನು ಹೇಳಿದ್ದೇ ಸರಿ. ಆದರೆ ಮಾವನ ಪ್ರಶ್ನೆಗೆ ಅದು ಉತ್ತರ ಅಲ್ಲವಲ್ಲ.

ಮಾವ ಕುಂದಾಪುರದ ಕಡೆಯಿಂದ ಚಿಕ್ಕ ವಯಸ್ಸಿನಲ್ಲೇ ಮುಂಬಯಿಗೆ ಬಂದವರು. ಗ್ರಾಂಟ್ ರೋಡಿನ ಉಡುಪಿ ಹೋಟೆಲೊಂದರಲ್ಲಿ ಕೆಲಸ. ಮಿನರ್ವಾ ಥಿಯೇಟರ್ ಅಲ್ಲೇ ಹತ್ತಿರ. ಶೋಲೆ ಅಲ್ಲಿ ಐದು ವರ್ಷಕ್ಕೂ ಜಾಸ್ತಿ ಓಡಿತು. ಕೈಯಲ್ಲಿ ದುಡ್ಡಿದ್ದಾಗಲೆಲ್ಲ ಮಾವ ಹೋಗುತ್ತಿದ್ದರಂತೆ. ಹಿಂದಿ ಕಲಿತದ್ದೇ ಅಲ್ಲಿ. ಎಪ್ಪತ್ತು ಎಂಎಂ ಪರದೆಯ ತುಂಬ ರಾಮನಗರದ ಬಂಡೆಗಳು. ಆಗ ಅವರು ರಾಮನಗರದ ಕಡೆಗೇ ಹೋದವರಲ್ಲ, ಆದರೂ ಊರು ಕಂಡ ಹಾಗೆ ಆಗುತ್ತಿತ್ತು ಅನ್ನುತ್ತಾರೆ.

ಆಮೇಲೆ ವಿಡಿಯೋ ಕಾಲ ಬಂತು. 1990ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ಕ್ಯಾಸೆಟ್‌ನಲ್ಲಿ ಆ ಮೂಲ ಕೊನೆ ಇತ್ತು. ನಮ್ಮವರು ಗಲ್ಫ್‌ನಿಂದ ಬರುವಾಗ ಕ್ಯಾಸೆಟ್ ತರುತ್ತಿದ್ದ ದಿನಗಳು ಅವು. ಯಾರದೋ ಮನೆಯಲ್ಲಿ ಮಾವ ಅದನ್ನು ನೋಡಿರಬೇಕು. ವರ್ಷಗಳು ಕಳೆದಂತೆ ಆ ದೃಶ್ಯ ಮಿನರ್ವಾದ ಪರದೆಗೆ ಹೋಗಿ ಸೇರಿಕೊಂಡಿದೆ. ಇದು ನನ್ನ ಊಹೆ. ಆದರೆ ಅವರು ಕಂಡದ್ದಂತೂ ಸುಳ್ಳಲ್ಲ.

ಇಂಥ ಅಭಿಮಾನಿಗಳ ಮೇಲೆ ನನಗೆ ತುಂಬ ಗೌರವ. ಕತ್ತರಿಸಿದ ದೃಶ್ಯವನ್ನು ಐವತ್ತು ವರ್ಷ ಬಾಯಲ್ಲೇ ಉಳಿಸಿಕೊಂಡವರು ಇವರು. ಅವರು ಬಿಡದೆ ಮಾತಾಡದಿದ್ದರೆ ಯಾರಿಗೆ ಅದು ಬೇಕಿತ್ತು? ರಿಪೇರಿ ಸುಲಭದ್ದಾಗಿರಲಿಲ್ಲ. ಎಪ್ಪತ್ತು ಎಂಎಂ ಪ್ರತಿ ಒಂದೂ ಉಳಿದಿರಲಿಲ್ಲ. ಮುಂಬಯಿಯ ಗೋದಾಮಿನ ಡಬ್ಬಿಗಳಲ್ಲಿ ಸಿಕ್ಕ ಮೂಲ ನೆಗೆಟಿವ್ ವಿನೆಗರ್ ಸಿಂಡ್ರೋಮ್ ಹಿಡಿದು ಹಾಳಾಗಿತ್ತು. ಫಿಲ್ಮ್ ಕೊಳೆಯುತ್ತಾ ಹುಳಿ ವಾಸನೆ ಬರುತ್ತದಲ್ಲ, ಅದೇ. ಇಂಗ್ಲೆಂಡಿನಲ್ಲಿ ಇಟ್ಟಿದ್ದ ರೀಲುಗಳು ಆಸರೆಗೆ ಬಂದವು. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮೂರು ವರ್ಷ ಕೂತು ಕೆಲಸ ಮಾಡಿತು. ಮೊದಲ ಪ್ರದರ್ಶನ 2025ರ ಜೂನ್‌ನಲ್ಲಿ, ಇಟಲಿಯ ಬೊಲೋನ್ಯಾದಲ್ಲಿ.

ಇಷ್ಟು ಪ್ರಸಿದ್ಧವಾದ ಸಿನಿಮಾದ ಗತಿಯೇ ಹೀಗಾದರೆ ಉಳಿದವುಗಳ ಪಾಡೇನು? ರಾತ್ರಿ ಲೋಕಲ್‌ನಲ್ಲಿ ಬರುವಾಗ ನನಗೆ 'ಸತಿ ಸುಲೋಚನ' ನೆನಪಾಯಿತು. ಕನ್ನಡದ ಮೊದಲ ಟಾಕಿ, 1934. ತೆಗೆದದ್ದು ಇದೇ ಮಹಾರಾಷ್ಟ್ರದ ಕೊಲ್ಹಾಪುರದಲ್ಲಿ. ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರು ಅಭಿನಯಿಸಿದ್ದು. ಅದರ ಒಂದು ಪ್ರತಿಯೂ ನಮ್ಮ ಹತ್ತಿರ ಇಲ್ಲ. ಕೊನೆಯ ದೃಶ್ಯ ಹೀಗಿತ್ತು, ಹಾಗಿರಲಿಲ್ಲ ಅಂತ ಮೆಟ್ಟಿಲ ಮೇಲೆ ನಿಂತು ವಾದ ಮಾಡುವವರೂ ಇಲ್ಲ. ನಾನ್ ಕಂಡದ್ ಎಂತದಾ ಅಂತ ಕೇಳಬಹುದಾಗಿದ್ದ ಕೊನೆಯ ಮನುಷ್ಯನನ್ನು ಯಾರಾದರೂ ಕೂರಿಸಿ ಮಾತಾಡಿಸಿದರೋ ಇಲ್ಲವೋ. ಅಥವಾ ಮನೆಯವರು, ಸುಮ್ನಿರಿ ಅಜ್ಜಾ, ನಿಮಗೆ ಮರೆವು ಅಂದುಬಿಟ್ಟರೋ. ನನಗೆ ಅವತ್ತು ನಿದ್ದೆಯೇ ಬರಲಿಲ್ಲ.

ಅದಕ್ಕೇ ಕೇಳುತ್ತಿದ್ದೇನೆ. ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ ಕಡೆ ನಿಮ್ಮ ಅಟ್ಟದಲ್ಲಿ, ಮುಚ್ಚಿದ ಟಾಕೀಸಿನ ಮೂಲೆಯಲ್ಲಿ ತುಕ್ಕು ಹಿಡಿದ ರೀಲ್ ಡಬ್ಬಿ ಕಂಡರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಹುಳಿ ವಾಸನೆ ಬಂದರೂ ಪರವಾಗಿಲ್ಲ. ಅಷ್ಟು ಹಳೆಯದಾದರೆ ನೈಟ್ರೇಟ್ ಫಿಲ್ಮ್ ಇರಬಹುದು, ಬೇಗ ಬೆಂಕಿ ಹಿಡಿಯುತ್ತದೆ. ಬಿಸಿಲು, ದೀಪದ ಹತ್ತಿರ ಇಡಬೇಡಿ, ಬಿಚ್ಚಿ ನೋಡಲೂ ಹೋಗಬೇಡಿ. ಪುಣೆಯ ಲಾ ಕಾಲೇಜ್ ರಸ್ತೆಯಲ್ಲಿ ನ್ಯಾಷನಲ್ ಫಿಲ್ಮ್ ಆರ್ಕೈವ್ ಇದೆ. ಮೊದಲು ಅವರಿಗೆ ತಿಳಿಸಿ.