ಕೀಟ್ ಸೀಲ್‌ಗೆ ಇಳಿಯುವ ತಯಾರಿ: ನೀರಿನ ಲೆಕ್ಕ

ಫೆಬ್ರವರಿ, ಕೊನೆಯ ವಾರ

ಈ ವರ್ಷ ಕೀಟ್ ಸೀಲ್ ನೋಡಲೇಬೇಕು ಅಂತ ಗಟ್ಟಿ ಮನಸ್ಸು ಮಾಡಿದ್ದೇನೆ. ಅಮೆರಿಕದ ಅರಿಜೋನಾ ರಾಜ್ಯದ ಈಶಾನ್ಯ ಮೂಲೆಯಲ್ಲಿ, ನವಾಹೋ ಅನ್ನೋ ಮೂಲನಿವಾಸಿ ಜನರ ನೆಲದ ನಡುವೆ, ತ್ಸೇಗಿ ಅನ್ನೋ ಕಮರಿ ಇದೆ. ನವಾಹೋ ಮಾತಿನಲ್ಲಿ ಆ ಹೆಸರಿಗೆ 'ಬಂಡೆಯ ಒಳಗೆ' ಅಂತ ಅರ್ಥ. ಅಲ್ಲಿ ಒಂದು ದೊಡ್ಡ ಕಲ್ಲುಪೊಟರೆಯಲ್ಲಿ, 700 ವರ್ಷ ಹಿಂದೆ ಜನ ಬಿಟ್ಟು ಹೋದ ಇಡೀ ಊರೇ ನಿಂತಿದೆ. 150ಕ್ಕೂ ಹೆಚ್ಚು ಕೋಣೆಗಳು. ರಸ್ತೆ ಇಲ್ಲ, ನಡೆದೇ ಹೋಗಬೇಕು. ಹೋಗಿ ಬರಲು 17 ಮೈಲಿ, ಸುಮಾರು 27 ಕಿಲೋಮೀಟರ್.

ಮೊದಲು 1000 ಅಡಿ ಇಳಿಯಬೇಕು. ಮಾರನೇ ದಿನ ಕಾಲು ಸೋತ ಮೇಲೆ ಅದೇ 1000 ಅಡಿ ಹತ್ತಬೇಕು. ಬೆಟ್ಟವಾದರೆ ಸುಸ್ತಾದ ಕಡೆಯಿಂದಲೇ ತಿರುಗಿ ಇಳಿದುಬಿಡಬಹುದು. ಕಮರಿಯಲ್ಲಿ ಹಾಗಲ್ಲ, ಕಷ್ಟದ ಭಾಗ ಕೊನೆಗೇ ಬರುತ್ತದೆ.

ಪರ್ಮಿಟ್ ಇಲ್ಲದೆ ಬಿಡುವುದಿಲ್ಲ. ದಿನಕ್ಕೆ 20 ಜನಕ್ಕೆ ಮಾತ್ರ ಅವಕಾಶ. ಅರ್ಜಿ ಹಾಕಿದ್ದೇನೆ, ನನಗೂ ಅಕ್ಕನ ಮಗ ಅಭಿಗೂ. ಅವನು ಇಲ್ಲೇ ಫೀನಿಕ್ಸ್‌ನಲ್ಲಿ ಕಾಲೇಜು ಓದುತ್ತಿದ್ದಾನೆ.

ದಾರಿಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಎಲ್ಲ ಕಡೆ ಮತ್ತೆ ಮತ್ತೆ ಬರೋದು ಒಂದೇ ಮಾತು: ನೀರು ಹೊತ್ತುಕೊಂಡು ಹೋಗಿ. ಕಮರಿಯ ತಳದಲ್ಲಿ ತೊರೆ ಹರಿಯುತ್ತದೆ. ಆದರೆ ಅಲ್ಲೆಲ್ಲ ದನ, ಕುದುರೆ ಮೇಯುತ್ತವೆ, ಆ ನೀರು ಕುಡಿಯುವಂತಿಲ್ಲ. ಒಬ್ಬರಿಗೆ ದಿನಕ್ಕೆ ಒಂದು ಗ್ಯಾಲನ್, ಅಂದರೆ 3.8 ಲೀಟರ್ ಬೇಕು. ಎರಡು ದಿನಕ್ಕೆ ಏಳೂವರೆ ಲೀಟರ್. ಬರೀ ನೀರೇ ಏಳೂವರೆ ಕಿಲೋ! ಟೆಂಟು, ಹಾಸಿಗೆ, ಊಟ ಎಲ್ಲ ಇದರ ಮೇಲೆ.

ಮಾರ್ಚ್

ವಾರಕ್ಕೆ ಮೂರು ದಿನ ಬೆಳಿಗ್ಗೆ ಫೀನಿಕ್ಸ್‌ನ ಸೌತ್ ಮೌಂಟನ್ ಬೆಟ್ಟಕ್ಕೆ ಹೋಗುತ್ತಿದ್ದೇವೆ. ಮೊದಲ ವಾರ ಬೆನ್ನಿಗೆ 4 ಕಿಲೋ. ಎರಡನೇ ವಾರ 7. ಈಗ 11ಕ್ಕೆ ಬಂದಿದ್ದೇವೆ.

ಮೂರನೇ ವಾರ ಒಂದು ಎಡವಟ್ಟಾಯಿತು. ಕೊಳವೆ ಇರುವ ನೀರಿನ ಚೀಲವೊಂದನ್ನು ಕೊಂಡಿದ್ದೆ. ಅದರ ಮುಚ್ಚಳದ ಹತ್ತಿರ ಸಣ್ಣಗೆ ಸೋರುತ್ತಿತ್ತು, ನನಗೆ ಗೊತ್ತೇ ಆಗಲಿಲ್ಲ. ಬೆನ್ನು ಒದ್ದೆಯಾದಾಗ ಬೆವರು ಅಂದುಕೊಂಡೆ. ಚೀಲ ತೆಗೆದು ನೋಡಿದರೆ ಒಂದು ಲೀಟರ್ ಹೋಗಿದೆ, ಹಾಸಿಗೆ ಚೀಲ ತೊಪ್ಪೆಯಾಗಿದೆ. ಮನೆಯಿಂದ ಅರ್ಧ ಗಂಟೆ ದೂರದಲ್ಲಿ ಆಗಿದ್ದಕ್ಕೆ ಸರಿಹೋಯಿತು. ತ್ಸೇಗಿಯ ತಳದಲ್ಲಿ ಆಗಿದ್ದರೆ? ಅವತ್ತಿನಿಂದ ಒಂದೊಂದು ಲೀಟರಿನ ಗಟ್ಟಿ ಬಾಟಲಿಗಳೇ. ಒಂದು ಒಡೆದರೂ ಉಳಿದವು ಇರುತ್ತವೆ. ಎಷ್ಟು ಕುಡಿದೆವು ಅಂತ ಲೆಕ್ಕ ಇಡೋದೂ ಸುಲಭ.

ಏಪ್ರಿಲ್, ಎರಡನೇ ಶನಿವಾರ

ಫ್ಲ್ಯಾಗ್‌ಸ್ಟಾಫ್ ಹತ್ತಿರದ ವಾಲ್‌ನಟ್ ಕ್ಯಾನ್ಯನ್‌ಗೆ ಹೋಗಿ ಬಂದೆವು. ಒಂದು ಮೈಲಿಯ ಸುತ್ತು, 185 ಅಡಿ ಇಳಿತ, ಬರೀ ಮೆಟ್ಟಿಲು. ಚಿಕ್ಕದಾದರೂ ಮೊದಲು ಇಳಿದು ಆಮೇಲೆ ಹತ್ತುವ ಅಭ್ಯಾಸಕ್ಕೆ ಒಳ್ಳೆಯ ಜಾಗ. ಸುಣ್ಣದ ಕಲ್ಲಿನ ಚಾಚಿನ ಕೆಳಗೆ ಸಾಲಾಗಿ 25 ಕೋಣೆಗಳು ಸಿಗುತ್ತವೆ. ಗೋಡೆಯ ಪಕ್ಕದಲ್ಲೇ ದಾರಿ.

ಇಲ್ಲಿದ್ದವರನ್ನು ಪುರಾತತ್ವದವರು 'ಸಿನಾಗುವಾ' ಅಂತ ಕರೆಯುತ್ತಾರೆ. ಸ್ಪ್ಯಾನಿಷ್‌ನಲ್ಲಿ 'ನೀರಿಲ್ಲದ' ಅಂತ ಅರ್ಥ. ಸ್ಪೇನಿನವರು ಇಲ್ಲಿನ ಪರ್ವತಗಳಿಗೆ ಇಟ್ಟ ಹೆಸರು ಅದು, ಆಮೇಲೆ ಜನಕ್ಕೂ ಅಂಟಿಕೊಂಡಿತು. ನೀರಿಲ್ಲದವರು ಅಂತ ಹೆಸರು ಹೊತ್ತವರು ಇಲ್ಲಿ ತಲೆಮಾರುಗಟ್ಟಲೆ ಬೇಸಾಯ ಮಾಡಿದ್ದಾರೆ. ಹಿಮ ಕರಗಿದ ನೀರು, ಮಳೆ ನೀರು, ಅಷ್ಟರಲ್ಲೇ ಬದುಕು ಕಟ್ಟಿದ್ದಾರೆ. ಅಭಿ ಮೆಟ್ಟಿಲ ಮೇಲೆ ಕೂತು ಬಾಟಲಿ ನೋಡಿಕೊಂಡ. "ಮಾಮಾ, ಒಂದು ಗಂಟೆಗೆ ಮುಕ್ಕಾಲು ಲೀಟರ್ ಕುಡಿದೆ ನಾನು" ಅಂದ. ಬರೆದಿಟ್ಟುಕೊಂಡೆ.

ಮೇ, ಕೊನೆಯ ವಾರ: ಬೆಟಾಟಾಕಿನ್

ಪರ್ಮಿಟ್ ಬಂದಿದೆ, ಜೂನ್‌ಗೆ! ಅದಕ್ಕೂ ಮೊದಲು ಪಕ್ಕದ ಬೆಟಾಟಾಕಿನ್‌ಗೆ, ಕಮರಿಯ ಇಂಥದೇ ಇನ್ನೊಂದು ಹಳೆಯ ಊರಿಗೆ, ಅಲ್ಲಿನ ಕಾವಲು ಅಧಿಕಾರಿ, ಅಂದರೆ ರೇಂಜರ್ ಜೊತೆ ಇಳಿದು ಬಂದೆವು. ಎರಡೂ ನವಾಹೋ ನ್ಯಾಷನಲ್ ಮಾನ್ಯುಮೆಂಟ್ ಅನ್ನೋ ಸರ್ಕಾರಿ ಸಂರಕ್ಷಿತ ಜಾಗಕ್ಕೆ ಸೇರಿದವು. 1909ರಲ್ಲಿ ಅಧ್ಯಕ್ಷ ಟಾಫ್ಟ್ ಘೋಷಿಸಿದ್ದು. ಬೆಟಾಟಾಕಿನ್‌ಗೆ ಹೋಗಿ ಬರಲು ಸುಮಾರು 8 ಕಿಲೋಮೀಟರ್ ನಡಿಗೆ, 700 ಅಡಿ ಇಳಿತ.

ಹೋಗುವವರಿಗೆ ಒಂದು ಮಾತು. ಅರಿಜೋನಾದಲ್ಲಿ ಬೇಸಿಗೆಗೆ ಗಡಿಯಾರ ಒಂದು ಗಂಟೆ ಮುಂದೆ ಇಡುವುದಿಲ್ಲ, ನವಾಹೋ ನೇಷನ್‌ನಲ್ಲಿ, ಅಂದರೆ ನವಾಹೋ ಜನರ ಆಡಳಿತದ ನೆಲದಲ್ಲಿ, ಇಡುತ್ತಾರೆ. ಅಲ್ಲಿನ ಎಂಟು ಅಂದರೆ ಫೀನಿಕ್ಸ್‌ನ ಏಳು. ಇದು ಗೊತ್ತಿಲ್ಲದೆ ಎಷ್ಟೋ ಜನ ಒಂದು ಗಂಟೆ ತಡವಾಗಿ ಬಂದು ನಿಲ್ಲುತ್ತಾರೆ. ನಾವು ಹಿಂದಿನ ರಾತ್ರಿಯೇ ಹೋಗಿ ಅಲ್ಲಿನ ಕ್ಯಾಂಪಿನಲ್ಲಿ ಮಲಗಿದ್ದೆವು. ಬಾಡಿಗೆ ಇಲ್ಲ.

ಕಮರಿಯ ತಿರುವು ದಾಟಿದ ಕೂಡಲೇ ಎದುರಿಗೆ ಬೃಹತ್ ಕಮಾನು. 452 ಅಡಿ ಎತ್ತರ, 370 ಅಡಿ ಅಗಲ. ಅದರ ಬುಡದಲ್ಲಿ ಬೆಂಕಿಪೆಟ್ಟಿಗೆ ಜೋಡಿಸಿಟ್ಟ ಹಾಗೆ ಮನೆಗಳು. ನಾವಿಬ್ಬರೂ ಸುಮ್ನೆ ನಿಂತುಬಿಟ್ಟೆವು.

ಈ ಕಮಾನು ಕೊರೆದಿದ್ದೂ ನೀರೇ. ಮೇಲಿರೋದು ನವಾಹೋ ಮರಳುಗಲ್ಲು, ಒಂದು ಕಾಲದ ಮರುಭೂಮಿಯ ಮರಳುದಿಬ್ಬಗಳು ಕಲ್ಲಾಗಿದ್ದು. ಮಳೆ, ಹಿಮದ ನೀರು ಅದರೊಳಗೆ ಜಿನುಗಿ ಇಳಿಯುತ್ತದೆ. ಕೆಳಗಿನ ಕಾಯೆಂಟಾ ಪದರ ಅಷ್ಟು ಸುಲಭಕ್ಕೆ ನೀರು ಬಿಡುವುದಿಲ್ಲ. ಆಗ ನೀರು ಅಡ್ಡಕ್ಕೆ ಸರಿದು ಬಂಡೆಯ ಮೈಯಲ್ಲಿ ಒಸರುತ್ತದೆ. ಅಲ್ಲಿ ಕಲ್ಲು ಪೊಳ್ಳಾಗುತ್ತದೆ, ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿ ಬಿರುಕು ಅಗಲವಾಗುತ್ತದೆ, ಚಪ್ಪಡಿ ಚಪ್ಪಡಿಯಾಗಿ ಕಳಚಿ ಬೀಳುತ್ತದೆ. ಈಗಲೂ ಬೀಳುತ್ತದೆ, ಅದಕ್ಕೇ ಒಳಗೆ ಬಿಡುವುದಿಲ್ಲ. ಅಂದರೆ ಮನೆಗೆ ಸೂರು ಕೊಟ್ಟಿದ್ದೂ ಕುಡಿಯೋಕೆ ಒರತೆ ಕೊಟ್ಟಿದ್ದೂ ಒಂದೇ ನೀರು. ಕಮಾನಿನ ಬಾಯಿ ದಕ್ಷಿಣಕ್ಕಿದೆ. ಚಳಿಗಾಲದ ಇಳಿಬಿಸಿಲು ಒಳಗೆ ಬರುತ್ತದೆ, ಬೇಸಿಗೆಯ ನೆತ್ತಿಬಿಸಿಲು ಬರುವುದಿಲ್ಲ.

ನನ್ನ ತಲೆಯಲ್ಲಿ ಉಳಿದುಹೋಗಿರೋದು ಮರದ ವಿಷಯ. ತೊಲೆಗಳ ವರ್ಷದ ಉಂಗುರ ಎಣಿಸಿ, ಯಾವ ಮರ ಯಾವ ವರ್ಷ ಕಡಿದದ್ದು ಅಂತ ಹೇಳಬಹುದು. ಈ ವಿದ್ಯೆ ಕಟ್ಟಿದವರು ಎ.ಇ. ಡಗ್ಲಸ್, ಖಗೋಳ ವಿಜ್ಞಾನಿ. ಬೆಟಾಟಾಕಿನ್‌ನ ತೊಲೆಗಳನ್ನು ಒಂದೊಂದಾಗಿ ಓದಿದವರು ಪುರಾತತ್ವಜ್ಞ ಜೆಫ್ರಿ ಡೀನ್. 1267ರಲ್ಲಿ ಕೆಲವೇ ಕುಟುಂಬ ಬಂದಿವೆ. 1269ರಲ್ಲಿ, ಮತ್ತೆ 1272ರಲ್ಲಿ ಮರ ಕಡಿದು ಪೇರಿಸಿಟ್ಟಿದ್ದಾರೆ, ಬಳಸಿಲ್ಲ. 1275ರಲ್ಲಿ ದೊಡ್ಡ ಗುಂಪು ಬಂದಾಗ ಆ ಮರಗಳೇ ಸೂರಿಗೆ ಏರಿವೆ. ಬರುವವರಿಗಾಗಿ ಆರು ವರ್ಷ ಮುಂಚೆಯೇ ತೊಲೆ ಒಣಗಲು ಇಟ್ಟವರು ಇವರು. ದಿಕ್ಕು ತೋಚದೆ ಗುಹೆ ಸೇರಿಕೊಂಡವರಲ್ಲ.

ಆಮೇಲೆ 1300ರ ಹೊತ್ತಿಗೆ ಊರು ಖಾಲಿ. ಎಷ್ಟೋ ಕಡೆ 'ನಿಗೂಢವಾಗಿ ಮಾಯವಾದ ಜನ' ಅಂತ ಬರೆದಿರುತ್ತಾರೆ. ನನಗೆ ಅದು ಓದಿದಾಗಲೆಲ್ಲ ಬೇಜಾರಾಗುತ್ತದೆ. ಯಾರೂ ಮಾಯವಾಗಿಲ್ಲ. ಅವರ ಮಕ್ಕಳ ಮಕ್ಕಳು ಹೋಪಿ ಅನ್ನೋ ಮೂಲನಿವಾಸಿಗಳು, ದಕ್ಷಿಣದ ಮೇಸಾಗಳ, ಅಂದರೆ ತಲೆ ಚಪ್ಪಟೆಯಾದ ಬೆಟ್ಟಗಳ ಮೇಲೆ ಇವತ್ತಿಗೂ ಮೆಕ್ಕೆಜೋಳ ಬಿತ್ತುತ್ತಿದ್ದಾರೆ. ಈ ಊರಿಗೆ ಅವರಲ್ಲಿ ಹೆಸರಿದೆ, ತಲಾಸ್ತಿಮಾ. ಕೀಟ್ ಸೀಲ್‌ಗೆ ಕಾವೆಸ್ತಿಮಾ. ಯಾವ ಕುಲದವರು ಎಲ್ಲಿದ್ದರು ಅನ್ನೋದೂ ಅವರ ನೆನಪಿನಲ್ಲಿದೆ.

ಇವತ್ತು ಇಬ್ಬರಿಂದ ಖರ್ಚಾದ ನೀರು 6 ಲೀಟರ್. ಹತ್ತುವಾಗಲೇ ಜಾಸ್ತಿ. ಈ ಜಾಗ ಸಮುದ್ರಮಟ್ಟದಿಂದ 7000 ಅಡಿಗಿಂತ ಎತ್ತರ, ಉಸಿರು ಬೇಗ ಕಟ್ಟುತ್ತದೆ.

ಜೂನ್, ಇಳಿದ ದಿನ

ಬೆಳಿಗ್ಗೆ ಆರಕ್ಕೆ ಹೊರಟೆವು. ತಲಾ 8 ಲೀಟರ್. ಊಟಕ್ಕೆ ಚಪಾತಿ, ಶೇಂಗಾ ಚಟ್ನಿಪುಡಿ, ಒಗ್ಗರಣೆ ಅವಲಕ್ಕಿ, ಬೆಲ್ಲ. ಒಂದು ಡಬ್ಬಿಯಲ್ಲಿ ಉಪ್ಪು, ನಾಲ್ಕು ನಿಂಬೆಹಣ್ಣು.

ಕಲ್ಲಿನ ದಾರಿ, ಆಮೇಲೆ ಮರಳಿನ ಇಳಿಜಾರು. ಮರಳಿನಲ್ಲಿ ಒಂದು ಹೆಜ್ಜೆ ಇಟ್ಟರೆ ಎರಡು ಹೆಜ್ಜೆ ಇಳಿಯುತ್ತೇವೆ. ಹತ್ತುವಾಗ ಇದರ ತಿರುವುಮುರುವು ಆಗುತ್ತದೆ ಅಂತ ಆಗಲೇ ಅಂದುಕೊಂಡೆ. ತಳದಲ್ಲಿ ಒಂದು ಜೂನಿಪರ್ ಗಿಡದ ನೆರಳಿನಲ್ಲಿ ಇಬ್ಬರದೂ ಸೇರಿ ನಾಲ್ಕು ಬಾಟಲಿ ಬಚ್ಚಿಟ್ಟೆವು, ವಾಪಸ್ ಹತ್ತೋಕೆ.

ಅಲ್ಲಿಂದ ತೊರೆಯೇ ದಾರಿ. ಎಷ್ಟು ಸಲ ದಾಟಿದೆವೋ ಎಣಿಕೆ ತಪ್ಪಿತು. ಕೆಲವು ಕಡೆ ಹೂಳುಮರಳು, ಕಾಲಿಟ್ಟರೆ ಮೊಳಕಾಲಿನವರೆಗೆ ಹೋಗುತ್ತದೆ. ಕೋಲಿನಿಂದ ಚುಚ್ಚಿ ನೋಡಿ ಹೆಜ್ಜೆ ಇಟ್ಟೆವು. ಎರಡೂ ಕಡೆ ಮಣ್ಣಿನ ದಡ ಗೋಡೆಯಂತೆ ನೆಟ್ಟಗೆ, ನಮ್ಮ ತಲೆಗಿಂತ ಎಷ್ಟೋ ಮೇಲೆ. ತೊರೆ ನೆಲವನ್ನು ಕೊರೆದು ಕೆಳಗಿಳಿದುಬಿಟ್ಟಿದೆ. 13ನೇ ಶತಮಾನದ ಕೊನೆಯಲ್ಲೂ ಹೀಗೇ ಆಗಿತ್ತು ಅಂತ ಸಂಶೋಧಕರು ಹೇಳುತ್ತಾರೆ. ತೊರೆ ಆಳಕ್ಕೆ ಹೋದರೆ ಹೊಲದ ತೇವವೂ ಅದರ ಜೊತೆ ಹೋಗುತ್ತದೆ. ಮೇಲಿಂದ 1276ರಿಂದ 1299ರವರೆಗೆ ಬರಗಾಲ. ಪುಸ್ತಕದಲ್ಲಿ ಓದಿದ್ದೆ. ಕೆಳಗೆ ನಿಂತು, ಕತ್ತೆತ್ತಿ ಒಣಗಿದ ದಡ ನೋಡಿದ ಮೇಲೆ ಯಾಕೆ ಹೊರಟರು ಅಂತ ಯಾರೂ ಹೇಳಬೇಕಾಗಲಿಲ್ಲ.

ಮಧ್ಯಾಹ್ನ ಕೀಟ್ ಸೀಲ್. ರೇಂಜರ್ ಐದೈದು ಜನರಂತೆ ಏಣಿ ಹತ್ತಿಸಿ ಕರೆದುಕೊಂಡು ಹೋಗುತ್ತಾರೆ. ಏಣಿ ಕಡಿದಾಗಿದೆ, ಕೈ ಬೆವರುತ್ತಿತ್ತು.

ಮೇಲೆ ಹೋದರೆ ಬೀದಿ. ನಿಜವಾದ ಬೀದಿ, ಎರಡೂ ಕಡೆ ಮನೆಗಳು. ಬಾಗಿಲ ಬಳಿ ಬಣ್ಣದ ಮಡಕೆ ಚೂರುಗಳು, ಕಾಳು ಉದುರಿಸಿದ ಮೆಕ್ಕೆಜೋಳದ ದಿಂಡುಗಳು. ಚಿಕ್ಕವು, ನನ್ನ ಬೆರಳುದ್ದ. ಮುಟ್ಟುವಂತಿಲ್ಲ. ಒಂದು ಚೂರು ಎತ್ತಿಕೊಂಡು ಹೋದರೂ ಅಪರಾಧ. 700 ವರ್ಷ ಇದ್ದ ಜಾಗದಲ್ಲೇ ಇವೆ ಅಂದರೆ ಬಂದವರು ಕೈ ಕಟ್ಟಿಕೊಂಡು ನೋಡಿದ್ದಕ್ಕೇ ಅಲ್ವಾ.

ಎಲ್ಲ ಗೋಡೆಯೂ ಕಲ್ಲಿನದಲ್ಲ. ಕೆಲವು ತಡಿಕೆ ಗೋಡೆಗಳು. ಕಡ್ಡಿ ನೆಟ್ಟು, ಹೆಣೆದು, ಎರಡೂ ಕಡೆ ಮಣ್ಣು ಮೆತ್ತಿದ್ದು. ನಮ್ಮಜ್ಜಿ ಮನೆಯ ಕೊಟ್ಟಿಗೆಗೂ ತಡಿಕೆ ಗೋಡೆಯೇ ಇತ್ತು, ಮಣ್ಣು ಉದುರಿದ ಕಡೆ ಕಡ್ಡಿ ಹೀಗೇ ಕಾಣುತ್ತಿತ್ತು. ಒಂದು ಕಲ್ಲುಗೋಡೆಯ ಸಂದಿನಲ್ಲಿ ಹಸಿಮಣ್ಣನ್ನು ಒತ್ತಿದ ಬೆರಳ ಗುರುತುಗಳಿವೆ. ಬಗ್ಗಿ ಹತ್ತಿರದಿಂದ ನೋಡಿದೆ. ನಾಲ್ಕು ಬೆರಳು, ಎಡಕ್ಕೆ ಜಾರಿಸಿದ್ದು. ಕಿರುಬೆರಳು ಬಹಳ ಚಿಕ್ಕದು. ಹೆಂಗಸಿನದೋ ಮಗುವಿನದೋ. ಕೊನೆಯಲ್ಲಿ ಮಣ್ಣು ಒಂದಿಷ್ಟು ಉಬ್ಬಿ ನಿಂತಿದೆ, ಕೈ ಎತ್ತಿದ ಜಾಗ. ಅಭಿ ತನ್ನ ಕೈಯನ್ನು ಗಾಳಿಯಲ್ಲೇ ಅದರ ಎದುರು ಹಿಡಿದು ಅಳತೆ ನೋಡಿದ. ಏನೂ ಮಾತಾಡಲಿಲ್ಲ.

ಊರಿನ ಮುಂದೆ ಒಂದು ಉದ್ದನೆಯ ದಿಮ್ಮಿ ಅಡ್ಡ ಮಲಗಿದೆ. ಬಾಗಿಲಿಗೆ ಅಗಳಿ ಹಾಕಿದ ಹಾಗೆ. ಕೆಲವು ಕೋಣೆಗಳ ಬಾಗಿಲಿಗೆ ಚಪ್ಪಡಿ ಇಟ್ಟು ಮಣ್ಣು ಮೆತ್ತಿ ಹೋಗಿದ್ದಾರೆ. ಯಾತ್ರೆಗೆ ಹೊರಟವರು ಮನೆ ಭದ್ರ ಮಾಡುವ ಹಾಗೇ ಕಂಡಿತು ನನಗೆ.

ರಾತ್ರಿ ಎದುರಿನ ಓಕ್ ಮರಗಳ ಕೆಳಗೆ ಮಲಗಿದೆವು. ಬೆಂಕಿ ಹಾಕುವಂತಿಲ್ಲ. ಅವಲಕ್ಕಿಗೆ ನಿಂಬೆ ಹಿಂಡಿ ತಿಂದೆವು. ತುಂಬ ಹೊತ್ತು ನಿದ್ದೆ ಬರಲಿಲ್ಲ.

ಜೂನ್, ಮಾರನೇ ದಿನ

ಐದಕ್ಕೇ ಎದ್ದೆವು. ನೆರಳಿರುವಾಗಲೇ ಮರಳಿನ ಏರು ಮುಟ್ಟಬೇಕು ಅಂತ ಬೇಗ ಬೇಗ ನಡೆದೆವು. ಮುಟ್ಟಲಾಗಲಿಲ್ಲ, ಅಷ್ಟರಲ್ಲಿ ಬಿಸಿಲು ಬಂದಿತ್ತು. ಜೂನಿಪರ್ ಬುಡದ ನಾಲ್ಕು ಬಾಟಲಿ ಹಾಗೇ ಇದ್ದವು, ನೀರು ಇನ್ನೂ ತಣ್ಣಗಿತ್ತು. ಉಪ್ಪು ಬೆರೆಸಿ ಅಲ್ಲೇ ಒಂದೊಂದು ಮುಗಿಸಿದೆವು. ಮರಳಿನಲ್ಲಿ ಇಪ್ಪತ್ತು ಹೆಜ್ಜೆ, ನಿಲ್ಲು, ಒಂದು ಗುಟುಕು. ಮತ್ತೆ ಇಪ್ಪತ್ತು. ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿದೆ. ಮುಂದಿನ ಸಲ ಒದ್ದೆಯಾದರೂ ಬೇಗ ಒಣಗುವ ಶೂ ಬೇಕು, ಎರಡು ಜೊತೆ ಸಾಕ್ಸ್ ಜಾಸ್ತಿ ಬೇಕು.

ಕಮರಿಯ ಅಂಚಿಗೆ ಬಂದಾಗ ನನ್ನ ಹತ್ತಿರ ಉಳಿದದ್ದು ಅರ್ಧ ಲೀಟರ್, ಅಭಿ ಹತ್ತಿರ ಒಂದೆರಡು ಗುಟುಕು. ತಲಾ ಎಂಟು ಲೀಟರ್ ಸರಿಯಾಗಿತ್ತು. ಮುಂದಿನ ವರ್ಷ ಅಕ್ಕ ಊರಿನಿಂದ ಬರುತ್ತಾಳೆ, ಅವಳನ್ನೂ ಕರೆದುಕೊಂಡು ಹೋಗಬೇಕು ಅಂತ ಅಭಿ ದಾರಿಯುದ್ದಕ್ಕೂ ಹೇಳುತ್ತಿದ್ದ. ಅವಳಿಗೆ ಒಂಬತ್ತು ಲೀಟರ್ ಅಂತ ಬರೆದುಕೊಂಡಿದ್ದೇನೆ. ಅದನ್ನು ನಾವಿಬ್ಬರೂ ಹಂಚಿಕೊಂಡು ಹೊರುತ್ತೇವೆ.