ಊರಲ್ಲಿ ಮನೆ ಇರುವಾಗ ಧಾರವಾಡದಲ್ಲಿ ರೂಮು ಏಕೆ?

“ಅಕ್ಕೋರ, ಧಾರವಾಡಕ್ಕ ಹೋಗಿ ರೂಮ್ ಮಾಡಲಿಲ್ಲಂದ್ರ ನೌಕರಿ ಸಿಗೂದಿಲ್ಲೇನ್ರೀ? ಮನ್ಯಾಗ ಕುಂತು ಓದಿದ್ರ ನಡಿಯೂದಿಲ್ಲೇನ್ರೀ?” ನಮ್ಮ ಶಾಲೆಗೆ ಮಗುವನ್ನು ಬಿಡಲು ಬರುವ ತಾಯಂದಿರು ತಮ್ಮ ಹಿರಿಯ ಮಗಳ ಚಿಂತೆಯಲ್ಲಿ ಕೇಳುವ ಪ್ರಶ್ನೆ ಇದು. ಬಿ.ಇಡಿ. ಮುಗಿಸಿ ಕುಳಿತಿರುವ ಹುಡುಗಿಯರು ಫೋನು ಮಾಡಿ ಕೇಳುವುದೂ ಇದನ್ನೇ. ನಾನು 2018ರ ಜೂನ್ ತಿಂಗಳಿನಿಂದ 2023ರ ಕೊನೆಯವರೆಗೆ ಧಾರವಾಡದಲ್ಲಿದ್ದು ಸರಕಾರಿ ನೌಕರಿಯ ಪರೀಕ್ಷೆಗಳಿಗೆ ಓದಿ, ಅಷ್ಟರಲ್ಲಿ ಆರು ರೂಮುಗಳನ್ನು ಬದಲಿಸಿ, ಆಮೇಲೆ ಶಿಕ್ಷಕಿಯಾದವಳು. ನಿಂತಲ್ಲೇ ಹೇಳಿ ಮುಗಿಸುವ ಉತ್ತರ ಇದಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಹೋಗಬೇಕು ಎಂಬುದೇ ನನ್ನ ಉತ್ತರ. ಆದರೆ ಕೋಚಿಂಗ್ ಕ್ಲಾಸನ್ನೇ ನಂಬಿ ಹೋಗುವುದಾದರೆ ಬೇಡ. ಹೋದವರು ರೂಮು ಹಿಡಿಯುವ ದಿನವೇ ಅದನ್ನು ಬಿಡುವ ದಾರಿಯನ್ನೂ ನೋಡಿಟ್ಟುಕೊಳ್ಳಬೇಕು.

ಮನೆಯಲ್ಲಿ ಓದಲು ಆಗುವುದಿಲ್ಲ ಎಂದರೆ ತಾಯಂದಿರಿಗೆ ನೋವಾಗುತ್ತದೆ. ಮಗಳಿಗೆ ನಾವೇನು ಕಡಿಮೆ ಮಾಡಿದೆವು ಎಂದು ಅವರು ಮರುಗುತ್ತಾರೆ. ಅವರು ಏನನ್ನೂ ಕಡಿಮೆ ಮಾಡಿರುವುದಿಲ್ಲ. ರೋಣ ತಾಲ್ಲೂಕಿನ ನಮ್ಮ ಮನೆಯಲ್ಲಿ ನನಗೆ ಬೇರೆ ಕೋಣೆಯಿತ್ತು, ಅಪ್ಪ ತಂದುಕೊಟ್ಟ ಮೇಜು ಇತ್ತು, ಹೊತ್ತುಹೊತ್ತಿಗೆ ಬಿಸಿ ರೊಟ್ಟಿ ಇತ್ತು. ಇರದಿದ್ದುದು ಓದಲು ಬೇಕಾದ ಬಿಡುವು. ಎರೆ ಹೊಲದ ಊರಿನಲ್ಲಿ ಶ್ರಾವಣ ಬಂತೆಂದರೆ ಹೆಸರುಕಾಯಿ ಬಿಡಿಸುವ ಕೆಲಸ, ಸಂಕ್ರಾಂತಿ ಕಳೆದ ಮೇಲೆ ಕಡಲೆ, ಅದರ ಬೆನ್ನಿಗೇ ಬಿಳಿಜೋಳ. ಮನೆಯವರೆಲ್ಲ ಹೊಲಕ್ಕೆ ಹೊರಟಾಗ ಪುಸ್ತಕ ಹಿಡಿದು ಕುಳಿತ ಮಗಳನ್ನು ಯಾರೂ ಓದುವವಳೆಂದು ಎಣಿಸುವುದಿಲ್ಲ, ಖಾಲಿ ಕುಳಿತವಳೆಂದು ಎಣಿಸುತ್ತಾರೆ. ಓಣಿಯಲ್ಲಿ ಎದುರಾದವರೆಲ್ಲ “ಇನ್ನೂ ಆಗಲಿಲ್ಲೇನವಾ?” ಎಂದು ಕೇಳುತ್ತಾರೆ. ಅವರ ಮಾತಿನಲ್ಲಿ ಕೆಟ್ಟ ಮನಸ್ಸೇನೂ ಇರುವುದಿಲ್ಲ, ಆದರೆ ಅದನ್ನು ದಿನಕ್ಕೆ ನಾಲ್ಕು ಬಾರಿ ಕೇಳಿಸಿಕೊಂಡವಳಿಗೆ ಸಂಜೆ ಪುಸ್ತಕ ತೆರೆಯಲು ಮನಸ್ಸಾಗುವುದಿಲ್ಲ. ಇದರ ಜೊತೆಗೆ ಹೆಣ್ಣು ನೋಡಲು ಬರುವವರ ಸಲುವಾಗಿ ಹೋಗುವ ದಿನಗಳು ಬೇರೆ.

ಧಾರವಾಡದ ಸಪ್ತಾಪುರದಲ್ಲಿ ಆ ಪ್ರಶ್ನೆಯನ್ನು ಕೇಳುವವರೇ ಇಲ್ಲ, ಏಕೆಂದರೆ ಅಲ್ಲಿ ಎಲ್ಲರದ್ದೂ ಇನ್ನೂ ಆಗಿರುವುದಿಲ್ಲ. ಸಪ್ತಾಪುರ, ಶ್ರೀನಗರ, ಕಲ್ಯಾಣನಗರದ ಓಣಿಗಳಲ್ಲಿ ನಡೆದರೆ ಗೋಡೆಗಳ ಮೇಲೆ, ವಿದ್ಯುತ್ ಕಂಬಗಳ ಮೇಲೆ ‘ಕಾಟ್ ಬೇಸಿಸ್ ಮೇಲೆ ರೂಮು ಕೊಡುವದಿದೆ’ ಎಂಬ ಚೀಟಿಗಳು ಕಾಣುತ್ತವೆ. ಕಾಟ್ ಬೇಸಿಸ್ ಎಂದರೆ ನೀವು ಬಾಡಿಗೆ ಕೊಡುವುದು ರೂಮಿಗಲ್ಲ, ಒಂದು ಮಂಚಕ್ಕೆ ಮತ್ತು ಅದರ ಕೆಳಗೆ ಟ್ರಂಕು ಇಡುವಷ್ಟು ಜಾಗಕ್ಕೆ. ನನ್ನ ಮೊದಲ ರೂಮು ಒಂದು ಮನೆಯ ಮಾಳಿಗೆಯ ಮೇಲಿನ ಐದು ಕಾಟಿನ ಹಾಲು. ಕಾಟಿಗೆ ತಿಂಗಳಿಗೆ 1,300 ರೂಪಾಯಿ, ಐವರಿಗೂ ಒಂದೇ ಬಚ್ಚಲು. ಅಷ್ಟು ಇಕ್ಕಟ್ಟಿನಲ್ಲೂ ಬೆಳಗಿನ ಐದಕ್ಕೆ ಒಬ್ಬಳು ದೀಪ ಹಾಕಿದರೆ ಉಳಿದ ನಾಲ್ವರೂ ಏಳುತ್ತಿದ್ದೆವು. ಒಬ್ಬಳು ಮಕ್ಕಳ ಮನೋವಿಜ್ಞಾನ ಓದುತ್ತಿದ್ದರೆ ಇನ್ನೊಬ್ಬಳು ಸಂವಿಧಾನದ ವಿಧಿಗಳನ್ನು ಬಾಯಿಪಾಠ ಮಾಡುತ್ತಿದ್ದಳು, ಮೂರನೆಯವಳು ದೈಹಿಕ ಪರೀಕ್ಷೆಗೆ ಓಡಲು ಮೈದಾನಕ್ಕೆ ಹೊರಡುತ್ತಿದ್ದಳು. ಕೋಚಿಂಗ್ ಕ್ಲಾಸಿನಲ್ಲಿ ನಾನು ಕಲಿತದ್ದು ನಾಲ್ಕು ತಿಂಗಳಿಗೆ ಮುಗಿಯಿತು. ಉಳಿದ ಐದು ವರ್ಷ ನನ್ನನ್ನು ಓದಿಸಿದ್ದು ಪಕ್ಕದ ಕಾಟಿನವರು.

ಊರು ಬಿಟ್ಟು ಬಂದರೂ ಊರಿನ ಅನ್ನ ಬಿಡಲಿಲ್ಲ, ಬುತ್ತಿಯಿಂದಾಗಿ. ನಮ್ಮ ಭಾಗದವರಿಗೆ ಇದನ್ನು ಹೇಳಬೇಕಾಗಿಲ್ಲ, ಬೇರೆಯವರಿಗಾಗಿ ಹೇಳುತ್ತೇನೆ. ಊರಿನಿಂದ ಬೆಳಿಗ್ಗೆ ಹೊರಟ ಸರಕಾರಿ ಬಸ್ಸು ಗದಗ, ಹುಬ್ಬಳ್ಳಿ ಹಾಯ್ದು ಹನ್ನೊಂದರ ಸುಮಾರಿಗೆ ಧಾರವಾಡ ಮುಟ್ಟುತ್ತಿತ್ತು. ಚಾಲಕರ ಪಕ್ಕದಲ್ಲಿ ಎಂಜಿನ್ನಿನ ಮುಚ್ಚಳದ ಆಚೆ ಹತ್ತು ಹನ್ನೆರಡು ಕೈಚೀಲಗಳು ಒಂದಕ್ಕೊಂದು ಒರಗಿ ಕುಳಿತಿರುತ್ತಿದ್ದವು. ನನ್ನದು ಅವ್ವ ಹಳೆಯ ಇಳಕಲ್ ಸೀರೆಯ ತುಂಡಿನಿಂದ ಹೊಲಿದ ಚೀಲ, ಅದರ ಹಿಡಿಕೆಗೆ ಹಸಿರು ದಾರ ಸುತ್ತಿದ ಗುರುತು. ಒಳಗೆ ಧೋತರದ ಬಟ್ಟೆಯಲ್ಲಿ ಸುತ್ತಿದ ಕಟಕ ರೊಟ್ಟಿ, ಒಂದು ಡಬ್ಬಿಯಲ್ಲಿ ಶೇಂಗಾ ಹಿಂಡಿ (ಚಟ್ನಿಪುಡಿ), ಇನ್ನೊಂದರಲ್ಲಿ ಗುರೆಳ್ಳು ಹಿಂಡಿ, ಅಂದೇ ತಿಂದು ಮುಗಿಸಬೇಕಾದ ಬದನೆಕಾಯಿ ಎಣ್ಣೆಗಾಯಿ. “ತಂಗಿ, ನಿಂದು ಇದ ಐತಿ ನೋಡು, ಖಾಲಿ ಚೀಲ ಲಗೂ ಕೊಡು” ಎಂದು ನಿರ್ವಾಹಕರು ಕಿಟಕಿಯಿಂದ ಕೈ ಚಾಚುತ್ತಿದ್ದರು. ಅದಕ್ಕೆ ಅವರು ಎಂದೂ ಒಂದು ರೂಪಾಯಿ ಕೇಳಿದವರಲ್ಲ. ಖಾನಾವಳಿಗೆ ಎರಡು ಹೊತ್ತಿನ ಹಣ ಕಟ್ಟಲು ಆಗದ ತಿಂಗಳುಗಳಲ್ಲಿ ಆ ಚೀಲ ನನ್ನನ್ನು ಧಾರವಾಡದಲ್ಲಿ ಉಳಿಸಿತು. ಆದ್ದರಿಂದ ಪ್ರತಿ ಸಲ ರೂಮು ಹುಡುಕುವಾಗಲೂ ಬಸ್ ನಿಲ್ದಾಣಕ್ಕೆ ಎಷ್ಟು ದೂರ ಎಂಬುದನ್ನು ನಾನು ಮೊದಲು ನೋಡುತ್ತಿದ್ದೆ. ಇನ್ನೂರು ರೂಪಾಯಿ ಅಗ್ಗವೆಂದು ಊರಾಚೆ ಹೋದವರು ಬುತ್ತಿ ತರಲು ಅರ್ಧ ದಿನ ಕಳೆಯುತ್ತಿದ್ದುದನ್ನು ಕಂಡಿದ್ದೇನೆ.

ಇನ್ನು ರೂಮು ಬಿಡುವ ವಿಷಯ. ಮೊದಲ ರೂಮಿನಲ್ಲಿ ಹದಿನಾಲ್ಕು ತಿಂಗಳಾದಾಗ ಮನೆಯ ಯಜಮಾನರ ಮಗನ ಮದುವೆ ಕೂಡಿಬಂತು. ಮಾಳಿಗೆ ಬೇಕು, ಎಂಟು ದಿನದಲ್ಲಿ ಖಾಲಿ ಮಾಡಿ ಎಂದರು. ನಾನು ಕೊಟ್ಟ 5,000 ರೂಪಾಯಿ ಡಿಪಾಜಿಟ್‌ಗೆ ಚೀಟಿ ಇರಲಿಲ್ಲ. ಸುಣ್ಣಬಣ್ಣದ ಲೆಕ್ಕಕ್ಕೆ 2,000 ಹಿಡಿದುಕೊಂಡು ಉಳಿದದ್ದನ್ನು ಕೊಟ್ಟರು. ಎರಡನೆಯ ರೂಮು ಶ್ರೀನಗರದಲ್ಲಿ. 2020ರ ಮಾರ್ಚ್‌ನಲ್ಲಿ ಎಲ್ಲವೂ ಮುಚ್ಚಿದಾಗ ಎರಡು ಚೀಲ ಹಿಡಿದು ಊರಿಗೆ ಬಂದೆವು, ಹದಿನೈದು ದಿನದಲ್ಲಿ ಮರಳಬಹುದೆಂದು ಪುಸ್ತಕ, ಗಾದಿ, ಪಾತ್ರೆಗಳನ್ನೆಲ್ಲ ಅಲ್ಲೇ ಬಿಟ್ಟು ಬೀಗ ಹಾಕಿದ್ದೆವು. ಮರಳಿದ್ದು ದೀಪಾವಳಿ ಕಳೆದ ಮೇಲೆ. ಎಂಟು ತಿಂಗಳ ಬಾಡಿಗೆ ಬಾಕಿ ಎಂದರು. ನಾವು ಅಲ್ಲಿ ಇರಲಿಲ್ಲ ಎಂಬುದು ನಿಜ, ನಮ್ಮ ಸಾಮಾನು ಅಲ್ಲಿತ್ತು ಎಂಬುದೂ ನಿಜ. ಅರ್ಧಕ್ಕೆ ಒಪ್ಪಿಸಿ, ಅವ್ವ ಕೂಡಿಟ್ಟ ಹಣದಿಂದ ತೀರಿಸಿ, ಬೂಸಲು ಹಿಡಿದ ಪುಸ್ತಕಗಳನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಹರಡಿದ ಆ ದಿನ ನನಗೆ ಬುದ್ಧಿ ಬಂತು. ಅಲ್ಲಿಂದ ಮುಂದೆ ಒಂದು ಆಟೋದಲ್ಲಿ ಒಂದೇ ಸಲ ಹೋಗದಷ್ಟು ಸಾಮಾನನ್ನು ನಾನು ಎಂದೂ ಮಾಡಿಕೊಳ್ಳಲಿಲ್ಲ.

ಇಷ್ಟು ವರ್ಷ ಏಕೆ ಹಿಡಿಯಿತು ಎಂದು ಕೇಳುವವರಿದ್ದಾರೆ. ಓದುವವರ ಸೋಮಾರಿತನವೇ ಕಾರಣವೆಂದು ಊರಿನಲ್ಲಿ ಅನೇಕರು ತಿಳಿದಿದ್ದಾರೆ, ಆ ತಿಳಿವಳಿಕೆ ತಪ್ಪು. ನನ್ನ ಪಕ್ಕದ ಕಾಟಿನ ಗೆಳತಿ ಪಿಎಸ್‌ಐ (ಪೊಲೀಸ್ ಸಬ್ ಇನ್‌ಸ್ಪೆಕ್ಟರ್) ಪರೀಕ್ಷೆಗೆ ಓದುತ್ತಿದ್ದಳು. 545 ಹುದ್ದೆಗಳ ಆ ಪರೀಕ್ಷೆ 2021ರ ಅಕ್ಟೋಬರ್ 3ರಂದು ನಡೆಯಿತು, ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ರದ್ದಾಯಿತು, ಮರುಪರೀಕ್ಷೆ ನಡೆದದ್ದು 2024ರ ಜನವರಿ 23ರಂದು. ಒಂದೇ ಪರೀಕ್ಷೆಯನ್ನು ಎರಡನೆಯ ಬಾರಿ ಬರೆಯುವುದಕ್ಕೆ ಇಪ್ಪತ್ತೇಳು ತಿಂಗಳು! ತಿಂಗಳಿಗೆ 1,500 ರೂಪಾಯಿಯ ಕಾಟು ಎಂದರೂ ಕಾಯುವುದಕ್ಕೆ ಮಾತ್ರ ಕೊಟ್ಟ ಬಾಡಿಗೆ 40,500 ರೂಪಾಯಿ. ತಪ್ಪು ಮಾಡದವರು ಕಟ್ಟಿದ ದಂಡ ಅದು. ಅದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ನನ್ನ ದಾರಿಯೂ ಅಷ್ಟೇನೂ ನೇರವಾಗಿರಲಿಲ್ಲ. ಆರರಿಂದ ಎಂಟನೆಯ ತರಗತಿಯ ಪದವೀಧರ ಪ್ರಾಥಮಿಕ ಶಿಕ್ಷಕರ 15,000 ಹುದ್ದೆಗಳಿಗೆ 2022ರ ಮೇ ತಿಂಗಳಲ್ಲಿ ಪರೀಕ್ಷೆ ಬರೆದೆ. ನಡುವೆ ಆಯ್ಕೆಪಟ್ಟಿಯ ವಿಷಯ ನ್ಯಾಯಾಲಯಕ್ಕೆ ಹೋಗಿ, ನೇಮಕದ ಆದೇಶ ಕೈಗೆ ಬರುವಾಗ 2023 ಮುಗಿಯುತ್ತಾ ಬಂದಿತ್ತು. ಅಷ್ಟರಲ್ಲಿ ಒಂದೇ ಒಂದು ವಿಷಯದಲ್ಲಿ ಸಮಾಧಾನ ಸಿಕ್ಕಿತ್ತು: ಏಳು ವರ್ಷಕ್ಕೆ ಮುಗಿಯುತ್ತಿದ್ದ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಪ್ರಮಾಣಪತ್ರದ ಅವಧಿಯನ್ನು 2021ರಲ್ಲಿ ಜೀವಮಾನಪೂರ್ತಿಗೆ ವಿಸ್ತರಿಸಿದ್ದರು. ಆ ಸುದ್ದಿ ಬಂದ ಸಂಜೆ ನಮ್ಮ ರೂಮಿನಲ್ಲಿ ಹಬ್ಬದಂತೆ ಶಿರಾ ಮಾಡಿದ್ದೆವು.

ತಾತ್ಕಾಲಿಕ ಎಂದುಕೊಂಡ ರೂಮಿನಲ್ಲಿ ಎಷ್ಟು ಕಾಲ ಇರಬೇಕಾದೀತು ಎಂಬುದು ಹೀಗೆ ನಮ್ಮ ಕೈಯಲ್ಲಿ ಇರುವುದಿಲ್ಲ. ಹಿಡಿಯುವಾಗಲೇ ಬಿಡುವುದನ್ನು ನೋಡಿಕೊಳ್ಳಿ ಎಂದು ನಾನು ಹೇಳುವುದು ಇದಕ್ಕೇ. ಡಿಪಾಜಿಟ್ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ, ಬಿಡುವಾಗ ಅದರಲ್ಲಿ ಏನೇನು ಮುರಿದುಕೊಳ್ಳುತ್ತೀರಿ ಎಂದು ಯಾರೂ ಕೇಳುವುದಿಲ್ಲ. ಕೇಳಿ, ಒಂದು ಹಾಳೆಯ ಮೇಲೆ ಬರೆಸಿಕೊಳ್ಳಿ. ಹಣವನ್ನು ಫೋನಿನಿಂದ ಕಳಿಸಿದರೆ ಅದೇ ಸಾಕ್ಷಿ. ಒಂದು ವರ್ಷಕ್ಕೆ ಮೀರಿದ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ನೋಂದಾಯಿಸಬೇಕಾಗುತ್ತದೆ, ಆದ್ದರಿಂದಲೇ ಎಲ್ಲೆಡೆ ಹನ್ನೊಂದು ತಿಂಗಳ ಕರಾರು ಬಳಕೆಯಲ್ಲಿದೆ. ಕಾಟ್ ಬೇಸಿಸ್‌ನಲ್ಲಿ ಅದೂ ಇರುವುದಿಲ್ಲವಾದರೂ, ಮೂರು ನಾಲ್ಕು ಗೆಳತಿಯರು ಸೇರಿ ಮನೆಯನ್ನೇ ಹಿಡಿಯುವಾಗ ಕರಾರು ಮಾಡಿಸಲೇಬೇಕು, ಎಷ್ಟು ದಿನ ಮೊದಲು ತಿಳಿಸಬೇಕು ಎಂಬ ಸಾಲು ಎರಡೂ ಕಡೆಯವರಿಗೆ ಒಂದೇ ಆಗಿರಬೇಕು. 2021ರಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚಿನ ಠೇವಣಿ ಸಲ್ಲದು ಎನ್ನುತ್ತದೆ. ಅದು ರಾಜ್ಯಗಳಿಗೆ ಕೊಟ್ಟ ಮಾದರಿ ಮಾತ್ರ, ತಾನಾಗಿ ಜಾರಿಗೆ ಬರುವ ಕಾನೂನಲ್ಲ. ಆದರೂ ಚೌಕಾಸಿ ಮಾಡುವಾಗ ಎರಡು ತಿಂಗಳು ಎಂಬ ಅಳತೆಯನ್ನು ಧೈರ್ಯವಾಗಿ ಮುಂದಿಡಬಹುದು.

ನಮ್ಮ ಮೂರನೆಯ ಮನೆ ಮಾಳಮಡ್ಡಿಯ ಹಂಚಿನ ಮನೆ, ಅಲ್ಲಿ ಮೂವರು ಸೇರಿ ಅಡುಗೆ ಮಾಡಿಕೊಳ್ಳುತ್ತಿದ್ದೆವು. ವಿಳಾಸದ ದಾಖಲೆ ಇಲ್ಲದೆ ದೊಡ್ಡ ಸಿಲಿಂಡರಿನ ಸಂಪರ್ಕ ಸಿಗಲಿಲ್ಲ. ಐದು ಕಿಲೋದ ಸಣ್ಣ ಸಿಲಿಂಡರಿಗೆ ಗುರುತಿನ ಚೀಟಿ ಸಾಕು, ವಿಳಾಸದ ಪುರಾವೆ ಬೇಡ. ಕಿಲೋ ಲೆಕ್ಕದಲ್ಲಿ ತುಟ್ಟಿಯಾದರೂ ಊರೂರು ತಿರುಗುವವರಿಗೆ ಅದೇ ಸರಿ. ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂಬುದನ್ನು ಯಜಮಾನರನ್ನು ಕೇಳಬೇಡಿ, ಈಗ ಅಲ್ಲಿ ಇರುವ ಹುಡುಗಿಯರನ್ನು ಕೇಳಿ. ಅರ್ಜಿಗಳಲ್ಲಿ ಊರಿನ ವಿಳಾಸವನ್ನೇ ಕೊಡಿ. ರೂಮಿನ ವಿಳಾಸ ಕೊಟ್ಟಿದ್ದ ಗೆಳತಿಯೊಬ್ಬಳ ಪತ್ರ ಅವಳು ಬಿಟ್ಟುಹೋದ ಮನೆಯ ಕಿಟಕಿಯಲ್ಲಿ ಎರಡು ವಾರ ಬಿದ್ದಿತ್ತು.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೊಸ ಮಾತೊಂದು ಶುರುವಾಗಿದೆ: ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಇರುವಾಗ ರೂಮು ಏಕೆ, ದಿನಾ ಹೋಗಿ ಬರಲಿ ಎಂದು. ಆ ಯೋಜನೆಯಿಂದ ನನಗೆ ದೊಡ್ಡ ಉಪಕಾರವಾಗಿದೆ. ತಿಂಗಳಿಗೊಮ್ಮೆ ಊರಿಗೆ ಹೋಗುತ್ತಿದ್ದವಳು ಕೊನೆಯ ಆರು ತಿಂಗಳು ವಾರವಾರ ಹೋಗಿ ಅವ್ವನ ಮುಖ ನೋಡಿ ಬಂದೆ. ಆದರೆ ಹೋಗಲು ಮೂರು ಗಂಟೆ, ಬರಲು ಮೂರು ಗಂಟೆ ಬಸ್ಸಿನಲ್ಲಿ ಕಳೆದವಳು ಓದುವುದು ಯಾವಾಗ? ಊರು ಒಂದು ಗಂಟೆಯ ದಾರಿಯಲ್ಲಿದ್ದರೆ ಸ್ಟಡಿ ಹಾಲಿಗೆ ತಿಂಗಳ ಹಣ ಕಟ್ಟಿ ದಿನಾ ಹೋಗಿ ಬರಬಹುದು, ಅದಕ್ಕಿಂತ ದೂರವಿದ್ದರೆ ರೂಮೇ ಬೇಕು.

ಎಷ್ಟು ಕಾಲ ಎಂಬ ಪ್ರಶ್ನೆಗೆ ನಾನು ಮನೆಯವರೊಡನೆ ಮೊದಲೇ ಮಾತಾಡಿ ಒಂದು ಒಪ್ಪಂದ ಮಾಡಿಕೊಂಡಿದ್ದೆ. ಎರಡು ವರ್ಷ ಅಪ್ಪ ಹಣ ಕಳಿಸುವುದು, ಆಮೇಲೆ ನನ್ನ ಬಾಡಿಗೆಯನ್ನು ನಾನೇ ದುಡಿಯುವುದು, ಅದೂ ಆಗದಿದ್ದರೆ ಊರಿಗೆ ಮರಳುವುದು. ಮೂರನೆಯ ವರ್ಷದಿಂದ ಸಂಜೆ ಎರಡು ಮನೆಗಳಲ್ಲಿ ಟ್ಯೂಷನ್ ಹೇಳಿದೆ, ಕೊನೆಯ ವರ್ಷ ಅತಿಥಿ ಶಿಕ್ಷಕಿಯಾಗಿ ಪಾಠ ಮಾಡಿದೆ. ಓದಿನ ಹೊತ್ತು ಕಡಿಮೆಯಾಯಿತು, ಆದರೆ ತಿಂಗಳ ಮೊದಲ ವಾರ ಅಪ್ಪನಿಗೆ ಫೋನು ಮಾಡಲು ಹಿಂಜರಿಯುವ ಹಿಂಸೆ ತಪ್ಪಿತು, ಅದು ತಪ್ಪಿದ ಮೇಲೆ ಓದಿದ್ದು ತಲೆಗೆ ಹತ್ತಿತು. ಒಪ್ಪಂದವಿಲ್ಲದೆ ಬಂದ ಹುಡುಗಿಯರು ಮರಳಿ ಹೋಗಲೂ ನಾಚಿ, ಉಳಿಯಲೂ ಹಣವಿಲ್ಲದೆ, ರೂಮಿನ ಗೋಡೆ ನೋಡುತ್ತ ಕುಳಿತದ್ದನ್ನು ಕಂಡಿದ್ದೇನೆ. ಅವರಿಗೆ ಬುದ್ಧಿ ಕಡಿಮೆಯಿರಲಿಲ್ಲ. ಮರಳಿದರೂ ಅದು ಸೋಲಲ್ಲ ಎಂದು ಮನೆಯಲ್ಲಿ ಯಾರೂ ಮೊದಲೇ ಹೇಳಿರಲಿಲ್ಲ. ತಾಯಂದಿರೇ, ಮಗಳನ್ನು ಕಳಿಸುವ ಮುನ್ನ ಆ ಒಂದು ಮಾತನ್ನು ದಯವಿಟ್ಟು ಹೇಳಿ ಕಳಿಸಿ.

ರೂಮು ಹುಡುಕಲು ಹೋಗುವುದಾದರೆ ದೊಡ್ಡ ಪರೀಕ್ಷೆಯೊಂದು ಮುಗಿದ ವಾರ ಹೋಗಿ. ಆಗ ಖಾಲಿಯಾಗುವ ಕಾಟುಗಳು ಹೆಚ್ಚು, ಯಜಮಾನರೂ ಮಾತಿಗೆ ಸಿಗುತ್ತಾರೆ, ಬಿಟ್ಟು ಹೋಗುವವರು ಬಕೆಟ್ಟು, ಗಾದಿ, ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟುಗಳನ್ನು ಬರುವವರಿಗೆ ಕೊಟ್ಟು ಹೋಗುತ್ತಾರೆ. ನನ್ನ ಮಡಚುವ ಮೇಜು ಹಾಗೆಯೇ ಬಾದಾಮಿ ಕಡೆಯ ಒಬ್ಬ ಅಕ್ಕನಿಂದ ಬಂದದ್ದು. ಆದೇಶ ಬಂದು ಆರನೆಯ ರೂಮು ಬಿಡುವ ದಿನ ಅದರ ಸಡಿಲಾದ ಕಾಲಿಗೆ ಹೊಸ ಮೊಳೆ ಹೊಡೆದು ಪಕ್ಕದ ಕಾಟಿನ ಹುಡುಗಿಗೆ ಕೊಟ್ಟು ಬಂದೆ.