ಆಷಾಢದಲ್ಲಿ ಕಳೆದುಹೋದ ಫೋಲ್ಡರ್

ದಾವಣಗೆರೆಯಲ್ಲಿ ನಮ್ಮದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್ ಇದೆ. ಲಗ್ನಪತ್ರಿಕೆ ಕೆಲಸವೇ ಜಾಸ್ತಿ. ಆಷಾಢದಲ್ಲಿ ಮದುವೆ ಇರುವುದಿಲ್ಲ, ಹಾಗಾಗಿ ಆ ತಿಂಗಳು ಹಳೇ ಫೈಲುಗಳ ಕಡೆ ಯಾರೂ ತಲೆ ಹಾಕುವುದಿಲ್ಲ. ಶ್ರಾವಣದ ಮೊದಲ ವಾರ ಹಳೇ ಗಿರಾಕಿಯೊಬ್ಬರು ಬಂದು, "ಅಕ್ಕನ ಮದುವೆಗೆ ಮಾಡಿಕೊಟ್ಟಿದ್ರಲ್ಲ, ತಂಗಿಗೂ ಅದೇ ಥರ ಬೇಕು, ಹೆಸರು ತಾರೀಕು ಬದಲಾಯಿಸಿದ್ರೆ ಸಾಕು" ಅಂದರು. ಹತ್ತು ನಿಮಿಷದ ಕೆಲಸ ಅಂತ ಕೂತೆ. ಫೋಲ್ಡರೇ ಇರಲಿಲ್ಲ. ಆರು ವರ್ಷದ ಡಿಸೈನುಗಳು.

ಎಲ್ಲವೂ ಕ್ಲೌಡ್‌ನಲ್ಲಿದೆ, ತಿಂಗಳು ತಿಂಗಳು ದುಡ್ಡು ಕಟ್ಟುತ್ತಿದ್ದೇವೆ, ಕಂಪ್ಯೂಟರ್ ಕೆಟ್ಟರೂ ಚಿಂತೆಯಿಲ್ಲ ಅನ್ನುವ ಧೈರ್ಯ ನಮ್ಮದು. ಆಷಾಢ ಶುರುವಾಗುವ ಹೊತ್ತಿಗೆ ಡಿಟಿಪಿ ಹುಡುಗ, ಡಿಸ್ಕ್ ತುಂಬಿದೆ, ಹೇಗೂ ಕ್ಲೌಡ್‌ನಲ್ಲಿ ಇನ್ನೊಂದು ಕಾಪಿ ಇದೆಯಲ್ಲ ಅಂತ ಆ ಫೋಲ್ಡರ್ ಅಳಿಸಿದ್ದ. ಆದರೆ ನಮ್ಮಲ್ಲಿದ್ದದ್ದು ಬರೀ ಸಿಂಕ್. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ, ಉಳಿದ ಕಂಪ್ಯೂಟರುಗಳಲ್ಲೂ ಅಳಿಯುತ್ತದೆ. ಟ್ರ್ಯಾಶ್‌ನಲ್ಲಿ 30 ದಿನ ಇತ್ತಂತೆ, ಆ 30 ದಿನವೂ ಆಷಾಢದಲ್ಲೇ ಕಳೆದುಹೋಗಿತ್ತು. ಕಸ್ಟಮರ್ ಕೇರ್‌ನವರು ಅವಧಿ ಮುಗಿದಿದೆ ಅಂದರು. ಕರಾರು ತೆಗೆದು ಓದಿದೆ: ಸರ್ವರ್ ನಡೆಸುವುದು ಅವರ ಹೊಣೆ, ನಾವೇ ಅಳಿಸಿಕೊಂಡದ್ದಕ್ಕೆ ನಾವೇ ಹೊಣೆ. ಹುಡುಗನನ್ನು ಬೈಯಲು ಮನಸ್ಸಾಗಲಿಲ್ಲ. ಅವನಿಗೆ ಇದನ್ನೆಲ್ಲ ನಾನೇ ಹೇಳಿಕೊಟ್ಟಿರಲಿಲ್ಲ.

ಗಿರಾಕಿ ಮನೆಯಿಂದ ಅಕ್ಕನ ಪತ್ರಿಕೆ ಹುಡುಕಿ ತಂದರು. ನಾಲ್ಕು ಮೂಲೆಗೂ ಅರಿಶಿನ ಹಚ್ಚಿದ್ದು. ಸ್ಕ್ಯಾನ್ ಮಾಡಿದರೆ ಅಂಚಿನ ಬಳ್ಳಿಯ ಮೇಲೆಲ್ಲ ಹಳದಿ ಕಲೆ. ಆ ಬಳ್ಳಿಯನ್ನು ಎಲೆ ಎಲೆಯಾಗಿ ಮತ್ತೆ ಬರೆಯಲು, ಮನೆ ಹಿರಿಯರ ಹೆಸರುಗಳನ್ನು ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನಲ್ಲಿ ಮತ್ತೆ ಟೈಪ್ ಮಾಡಲು ಎರಡು ದಿನ ಹಿಡಿಯಿತು. ಮಿಕ್ಕ ಎಷ್ಟೋ ಮನೆಗಳ ಪತ್ರಿಕೆ ಇವತ್ತಿಗೂ ಸಿಕ್ಕಿಲ್ಲ.

ದೊಡ್ಡವರಿಗೂ ಇದು ತಪ್ಪಿದ್ದಲ್ಲ. 2024ರ ಮೇನಲ್ಲಿ ಆಸ್ಟ್ರೇಲಿಯಾದ ಯೂನಿಸೂಪರ್ ಪಿಂಚಣಿ ನಿಧಿಯ ಕ್ಲೌಡ್ ವ್ಯವಸ್ಥೆ ಗೂಗಲ್ ಕಡೆಯ ಒಂದು ಸೆಟ್ಟಿಂಗ್ ತಪ್ಪಿನಿಂದ ಅಳಿಸಿಹೋಯಿತು. ಬೇರೆ ಕಂಪನಿಯಲ್ಲೂ ಬ್ಯಾಕಪ್ ಇಟ್ಟಿದ್ದರು, ಅದು ಕೈ ಹಿಡಿಯಿತು. 2025ರ ಸೆಪ್ಟೆಂಬರ್‌ನಲ್ಲಿ ದಕ್ಷಿಣ ಕೊರಿಯಾದ ಡೇಜಾನ್‌ನಲ್ಲಿ ಸರ್ಕಾರಿ ಡೇಟಾ ಸೆಂಟರ್‌ಗೆ ಬೆಂಕಿ ಬಿತ್ತು. ನೌಕರರ ಕಡತಗಳಿದ್ದ ಕ್ಲೌಡ್‌ಗೆ ಹೊರಗೆಲ್ಲೂ ಬ್ಯಾಕಪ್ ಇರಲಿಲ್ಲ, 858 ಟೆರಾಬೈಟ್ ಹೋಯಿತು. ಅದನ್ನು ಓದಿ ನನಗೆ ನಿಜವಾಗಿ ಹೊಟ್ಟೆ ಉರಿಯಿತು.

ಈಗ ಪ್ರತಿ ಶುಕ್ರವಾರ ಸಂಜೆ ಎಲ್ಲ ಫೈಲನ್ನೂ ಒಂದು ಡಿಸ್ಕ್‌ಗೆ ಇಳಿಸಿ, ವೈರ್ ಕಿತ್ತು ಮನೆಗೆ ಒಯ್ಯುತ್ತೇನೆ. ಸುಮ್ನೆ ಚುಚ್ಚಿಟ್ಟರೆ ವೈರಸ್ ಅದನ್ನೂ ತಿನ್ನುತ್ತದೆ ಅಲ್ವಾ. ಇನ್ನೊಂದು ಕಾಪಿ ಬೇರೆ ಕಂಪನಿಯ ಕ್ಲೌಡ್‌ಗೆ. ತಿಂಗಳ ಮೊದಲ ದಿನ ಡಿಸ್ಕ್‌ನಿಂದ ಯಾವುದೋ ಒಂದು ಹಳೇ ಫೈಲ್ ತೆಗೆದು ನೋಡುತ್ತೇವೆ. ಹೋದ ತಿಂಗಳು ಬೇರೆ ಕಂಪ್ಯೂಟರ್‌ನಲ್ಲಿ ತೆಗೆದಾಗ ಅಕ್ಷರವೆಲ್ಲ ಚೆಲ್ಲಾಪಿಲ್ಲಿ, ಅದರಲ್ಲಿ ನುಡಿ ಫಾಂಟೇ ಇರಲಿಲ್ಲ. ಆ ಶುಕ್ರವಾರದಿಂದ ಫಾಂಟುಗಳೂ ಡಿಸ್ಕ್‌ಗೆ ಹೋಗುತ್ತಿವೆ.